ನಸುಕಿನಲ್ಲಿ ನೋಡಿದ ಗಾಡಿ

2025ರ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಮೂರು ಪಕ್ಷ ಆಗಿದ್ದವು. ಒಂದು ಹಳೇ ಜರ್ಮನ್ ಗಾಡಿಯ ಪಕ್ಷ. ಅದರಲ್ಲಿ ನಾನು ಮತ್ತು ಅವ್ವ. ಇನ್ನೊಂದು ಹೊಸ ಟೊಯೋಟಾ ಫಾರ್ಚೂನರ್ ಪಕ್ಷ. ಅದರಲ್ಲಿ ಅಪ್ಪ ಒಬ್ಬನೇ. ಎರಡೂ ಬೇಡ, ಇದ್ದ ಡಿಸೈರ್ ಇನ್ನೂ ಐದು ವರ್ಷ ಓಡುತ್ತೆ ಅನ್ನುವುದು ಹೆಂಡತಿಯ ಪಕ್ಷ. ಆ ಪಕ್ಷಕ್ಕೆ ಠೇವಣಿಯೂ ಉಳಿಯಲಿಲ್ಲ.

ನಾನು ಪುಣೆಗೆ ಬಂದು 19 ವರ್ಷ ಆಯ್ತು. ಭೋಸರಿ ಎಂಐಡಿಸಿ ಅನ್ನೋ ಕೈಗಾರಿಕಾ ಪ್ರದೇಶದಲ್ಲಿ ರಬ್ಬರ್ ಸಾಮಾನು ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಬುಶ್, ಸೀಲ್, ಗ್ಯಾಸ್ಕೆಟ್ ಇಂಥವು. ಊರು ನವಲಗುಂದದ ಹತ್ತಿರ. ನಮ್ಮ ಬಿಲ್ಡಿಂಗಿನ ಗೇಟಿನಿಂದ ಊರ ಮನೆಯ ಕಟ್ಟೆಗೆ ಹತ್ತಿರ ಹತ್ತಿರ 470 ಕಿಲೋಮೀಟರ್. ಖಂಬಾಟ್ಕಿ ಘಾಟ್, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ವರ್ಷಕ್ಕೆ ಐದಾರು ಸಲ ಈ ದಾರಿ. ಸಾತಾರಾದಿಂದ ಕಾಗಲ್‌ವರೆಗೆ ಆರು ಲೇನ್ ಕೆಲಸ ಶುರುವಾದ ಮೇಲೆ ಯಾವ ದಿನ ಎಲ್ಲಿ ರಸ್ತೆ ತಿರುಗಿಸಿರುತ್ತಾರೆ ಅಂತ ಹೇಳೋಕೆ ಬರಲ್ಲ. ಅವ್ವನ ಎರಡೂ ಮೊಣಕಾಲು ಆಪರೇಷನ್ ಆಗಿದೆ. ಡಿಸೈರ್‌ನ ಹಿಂದಿನ ಸೀಟಿಗೆ ಇಳಿದು ಕೂರುವುದು ಅವಳಿಗೆ ಕಷ್ಟ. ಕೂತ ಮೇಲೆ ಏಳುವುದು ಇನ್ನೂ ಕಷ್ಟ. ಕೊಲ್ಹಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದರೆ ನಾನು ಒಂದು ಕೈ, ಅಪ್ಪ ಒಂದು ಕೈ ಹಿಡಿದು ಎಳೆಯಬೇಕು. ದೊಡ್ಡ ಗಾಡಿ ಬೇಕು ಅನ್ನೋ ಮಾತು ಅಲ್ಲಿಂದ ಹುಟ್ಟಿತು. ಹುಟ್ಟಿದ್ದು ಅವ್ವನ ಕಾಲಿಗಾಗಿ. ಬೆಳೆದದ್ದು ನನ್ನ ಆಸೆಯಿಂದ. ಅದನ್ನೂ ಒಪ್ಪಿಕೊಂಡು ಬಿಡ್ತೀನಿ.

ಜರ್ಮನ್ ಗಾಡಿ ಯಾವ ಕಂಪನಿಯದ್ದು ಅಂತ ಹೇಳಲ್ಲ. ಸುಮ್ನೆ ಯಾಕೆ. 2018ರ ಡೀಸೆಲ್, ಏಳು ಸೀಟು, ಪುಣೆಯ ಎಂಎಚ್ 12 ನಂಬರ್, ಮೀಟರ್‌ನಲ್ಲಿ 41,000 ಕಿಲೋಮೀಟರ್. ಹೊಸದಿದ್ದಾಗ ಷೋರೂಮ್ ಬೆಲೆಯೇ ಮುಕ್ಕಾಲು ಕೋಟಿ ದಾಟಿತ್ತು. ಈಗ ಬಾಣೇರ್ ಕಡೆಯ ಒಬ್ಬ ಡೀಲರ್ ಹೇಳಿದ ಬೆಲೆ 31 ಲಕ್ಷ. ಅದೇ ವಾರ ಫಾರ್ಚೂನರ್ ಡೀಸೆಲ್ ಆಟೊಮ್ಯಾಟಿಕ್‌ನ ಆನ್‌ರೋಡ್ ಬೆಲೆ ಕೇಳಿದೆ. 40 ಲಕ್ಷ ದಾಟಿ ಇನ್ನೂ ಮೇಲೆ ಹೋಯಿತು.

ಆ ಮೇಲಿನ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ರಾತ್ರಿ ಕೂತು ಬರೆದೆ. ಆಗಿನ್ನೂ ಆಗಸ್ಟ್. ನಾಲ್ಕು ಮೀಟರ್ ದಾಟಿದ, ಇಂಜಿನ್ ದೊಡ್ಡದಿರುವ ಎಸ್‌ಯುವಿಗೆ 28 ಪರ್ಸೆಂಟ್ ಜಿಎಸ್‌ಟಿ, ಅದರ ಮೇಲೆ ಸೆಸ್ ಅನ್ನೋ ಹೆಚ್ಚಿನ ತೆರಿಗೆ 22 ಪರ್ಸೆಂಟ್. ಸೇರಿ 50. ಅದೆಲ್ಲ ಸೇರಿದ ಷೋರೂಮ್ ಬೆಲೆಯ ಮೇಲೆ ಮಹಾರಾಷ್ಟ್ರದ ರೋಡ್ ಟ್ಯಾಕ್ಸ್. 20 ಲಕ್ಷ ದಾಟಿದ ಡೀಸೆಲ್ ಗಾಡಿಗೆ 15 ಪರ್ಸೆಂಟ್. ಅಂದರೆ ತೆರಿಗೆ ಕಟ್ಟಿದ್ದರ ಮೇಲೂ ತೆರಿಗೆ. ಹಳೇ ಜರ್ಮನ್ ಗಾಡಿಯಲ್ಲಿ ಇದೆಲ್ಲ ಮೊದಲನೇ ಮಾಲೀಕನೇ ಕಟ್ಟಿ ಹೋಗಿದ್ದಾನೆ. 80 ಲಕ್ಷದ ಗಾಡಿ ಅಂತ ಹಿಡಿದರೂ ರೋಡ್ ಟ್ಯಾಕ್ಸ್ ಒಂದೇ 12 ಲಕ್ಷ. ಯಾರೋ ಪುಣ್ಯಾತ್ಮ ನನಗೋಸ್ಕರ ಕಟ್ಟಿಟ್ಟ ಹಾಗೆ. ಆ ರಾತ್ರಿ ನನಗೆ ಅವನ ಮೇಲೆ ಪ್ರೀತಿಯೇ ಬಂತು.

ಮರುದಿನ ಅವ್ವನನ್ನ ಕರೆದುಕೊಂಡು ಹೋದೆ. ಆ ಗಾಡಿಯ ನಾಲ್ಕೂ ಮೂಲೆಯಲ್ಲಿ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತೆ. ಏರ್ ಸಸ್ಪೆನ್ಷನ್ ಅಂತಾರೆ. ಕಂಪ್ರೆಸರ್ ಗಾಳಿ ತುಂಬಿದರೆ ಗಾಡಿ ಏಳುತ್ತೆ, ಬಿಟ್ಟರೆ ಇಳಿಯುತ್ತೆ. ಡೀಲರ್ ಒಂದು ಬಟನ್ ಒತ್ತಿದ. ಗಾಡಿ ಉಸಿರು ಬಿಟ್ಟು ಮೆಲ್ಲಗೆ ಕೆಳಗೆ ಕೂತಿತು. ಅವ್ವ ಯಾರ ಕೈಯೂ ಹಿಡಿಯದೆ ಒಳಗೆ ಹೋಗಿ ಕೂತಳು. ಬಾಗಿಲು ಹಾಕಿದ ಕೂಡಲೇ ಹೊರಗಿನ ಹೈವೇ ಸದ್ದು ನಿಂತುಹೋಯಿತು. ಅವ್ವ ಸೀಟಿನ ತೊಗಲು ಸವರಿ ನೋಡಿ, “ಗುಡಿಯೊಳಗ ಕುಂತಂಗ ಆಗತೈತಿ ನೋಡಪಾ,” ಅಂದಳು. ನಾನು ಅಲ್ಲೇ ಸೋತೆ.

ಪೂರ್ತಿ ಸೋಲುವ ಮುಂಚೆ ಭೋಸರಿಯ ಒಬ್ಬ ಮಿಸ್ತ್ರಿಗೆ ಫೋನ್ ಮಾಡಿದೆ. ಇಂಥ ಗಾಡಿಗಳನ್ನೇ ರಿಪೇರಿ ಮಾಡುವವನು. ಎಲ್ಲ ಕೇಳಿಸಿಕೊಂಡು, “ಘ್ಯಾ ಸಾಹೇಬ, ಪಣ ದೋನ್ ಘ್ಯಾ,” ಅಂದ. ತಗೊಳ್ಳಿ ಸಾಹೇಬರೇ, ಆದರೆ ಎರಡು ತಗೊಳ್ಳಿ. ಒಂದು ಓಡಿಸೋಕೆ, ಒಂದು ನನ್ನ ಗ್ಯಾರೇಜಿನಲ್ಲಿ ನಿಲ್ಲಿಸೋಕೆ. ನಗಾಡಿ, ಆಮೇಲೆ ನಿಜ ಹೇಳಿದ. ಗಾಡಿಯ ಬೆಲೆ ಇಳಿಯುತ್ತೆ. ಸ್ಪೇರ್ ಪಾರ್ಟ್‌ನ ಬೆಲೆ ಇಳಿಯಲ್ಲ. ಹೆಡ್‌ಲೈಟ್‌ಗೆ ತನ್ನ ಗಾಡಿ 31 ಲಕ್ಷಕ್ಕೆ ಮಾರಾಟವಾಯಿತು ಅಂತ ಗೊತ್ತಿರಲ್ಲ. ಅದು ಇನ್ನೂ ಕೋಟಿ ಬೆಲೆಯ ಗಾಡಿಯ ಹೆಡ್‌ಲೈಟೇ.

ಇನ್ಶೂರೆನ್ಸ್ ಇದೆಯಲ್ಲ ಅಂದೆ. ಇದೆ. ಆದರೆ ಸವಕಳಿ ಕಳೆಯದೆ ಪಾರ್ಟಿನ ಪೂರ್ತಿ ದುಡ್ಡು ಕೊಡುವ ಝೀರೊ ಡೆಪ್ ಅನ್ನೋದು ಸಾಮಾನ್ಯವಾಗಿ ಐದು ವರ್ಷದ ಗಾಡಿಯವರೆಗೆ. ಅದು ಇಲ್ಲದಿದ್ದರೆ, ಅಪಘಾತ ಆದಾಗ ಪ್ಲಾಸ್ಟಿಕ್ಕು, ರಬ್ಬರು, ಟೈರು, ಬ್ಯಾಟರಿಗೆ ಅರ್ಧ ದುಡ್ಡು ನಮ್ಮ ಕೈಯಿಂದ. ಸುಮ್ನೆ ವಯಸ್ಸಾಗಿ ಕೆಟ್ಟರೆ ಅದೂ ಇಲ್ಲ, ಪೂರ್ತಿ ನಮ್ಮದೇ. ಈಗಿನ ಗಾಡಿಯ ಮುಖದಲ್ಲಿ ಪ್ಲಾಸ್ಟಿಕ್ ಬಿಟ್ಟು ಬೇರೆ ಏನಿದೆ ಹೇಳಿ.

ಇಷ್ಟು ಕೇಳಿದ ಮೇಲೂ ನನ್ನ ಮನಸ್ಸು ಅಲ್ಲೇ ಇತ್ತು. ಆದರೂ ಹುಷಾರಿನವನ ಹಾಗೆ ತಪಾಸಣೆ ಮಾಡೋಕೆ ಹೋದೆ. ಸೀಟ್ ಬೆಲ್ಟ್ ಪೂರ್ತಿ ಕೊನೇವರೆಗೆ ಎಳೆದೆ. ಇದು 2024ರ ಜುಲೈ 25ರಂದು ಪುಣೆ ಕಲಿಸಿದ ಪಾಠ. ಅವತ್ತು ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಬಿಟ್ಟ ನೀರು ಸಿಂಹಗಡ ರಸ್ತೆಯ ಏಕತಾ ನಗರಿಗೆ ನುಗ್ಗಿತ್ತು. ನನ್ನ ಜೊತೆ ಕೆಲಸ ಮಾಡುವವನ ಕಾರು ಪಾರ್ಕಿಂಗ್‌ನಲ್ಲೇ ಮುಳುಗಿತು. ಅಂಥ ಗಾಡಿಗಳನ್ನ ತೊಳೆದು, ಒಣಗಿಸಿ, ಸೆಂಟ್ ಹೊಡೆದು ಮಾರುವವರೂ ಇದ್ದಾರೆ. ಕಾರ್ಪೆಟ್ ಬದಲಿಸಬಹುದು. ಆದರೆ ಬೆಲ್ಟಿನ ಒಳಸುರುಳಿಯನ್ನ ಯಾರೂ ತೊಳೆಯಲ್ಲ. ನೀರು ಕುಡಿದಿದ್ದರೆ ಅಲ್ಲಿ ಒಂದು ಮಣ್ಣುಬಣ್ಣದ ಗೆರೆ ಇರುತ್ತೆ. ಇದರಲ್ಲಿ ಇರಲಿಲ್ಲ. ಸ್ಟೆಪ್ನಿ ನೋಡಿದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 1118 ಅಂತಿತ್ತು. 2018ರ ಹನ್ನೊಂದನೇ ವಾರ. ಗಾಡಿಯ ಜೊತೆಗೇ ಬಂದ ಟೈರು. ಸರ್ವಿಸ್ ಪುಸ್ತಕ ಇತ್ತು. 41,000 ನಿಜವೇ ಅನ್ನಿಸಿತು.

ಡೀಲರ್ ದಿಲ್ಲಿಯ ಗಾಡಿಯೂ ಒಂದಿದೆ, ಆರು ಲಕ್ಷ ಕಡಿಮೆಗೆ ಸಿಗುತ್ತೆ ಅಂದಿದ್ದ. ದಿಲ್ಲಿಯಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷ ಅನ್ನೋ ಗಡುವಿನ ಹೆದರಿಕೆ ಆಗ ಇದ್ದದ್ದರಿಂದ ಅಲ್ಲಿನವರು ಏಳೆಂಟು ವರ್ಷಕ್ಕೇ ಮಾರಿಬಿಡ್ತಿದ್ದರು. ಅದನ್ನ ಇಲ್ಲಿಗೆ ತಂದರೆ ಎನ್‌ಒಸಿ, ಹೊಸ ನಂಬರ್, ಮತ್ತೆ ಇಲ್ಲಿನ ಟ್ಯಾಕ್ಸ್. ಆ ಮಾತು ಅಲ್ಲಿಗೇ ಬಿಟ್ಟೆ.

ಮನೆಗೆ ಬಂದು ಅಪ್ಪನಿಗೆ ಎಲ್ಲ ವರದಿ ಒಪ್ಪಿಸಿದೆ. ಅಪ್ಪ ಜೀವನದಲ್ಲಿ ಕಾರು ಕೊಂಡವನಲ್ಲ. ಎತ್ತು ಕೊಂಡವನು. ಸಣ್ಣವನಿದ್ದಾಗ ನಾನೂ ಅವನ ಜೊತೆ ದನದ ಸಂತೆಗೆ ಹೋಗಿದ್ದೆ. ದಲಾಲಿಯೂ ಅಪ್ಪನೂ ಟವೆಲ್‌ನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಬೆಲೆ ಮಾತಾಡ್ತಿದ್ದರು. ಬಾಯಿಂದ ಒಂದು ಅಂಕಿಯೂ ಹೊರಗೆ ಬರ್ತಿರಲಿಲ್ಲ. ಮೊದಲು ಹಲ್ಲು ನೋಡಬೇಕು. ಎರಡಲ್ಲು, ನಾಲ್ಕಲ್ಲು, ಆರಲ್ಲು. ಎಂಟೂ ಹಲ್ಲು ಬಂದು ಬಾಯಿಗೂಡಿದ ಮೇಲೆ ಹಲ್ಲು ಎಣಿಸಿದರೆ ವಯಸ್ಸು ಗೊತ್ತಾಗಲ್ಲ. ಆಗ ಮಾರುವವನು ಹೇಳಿದ್ದೇ ವಯಸ್ಸು. ಆಮೇಲೆ ಸುಳಿ, ಗೊರಸು, ನಡಿಗೆ.

ಅಪ್ಪ ತಾಳ್ಮೆಯಿಂದ ಕೇಳಿಸಿಕೊಂಡ. ಟೈರಿನ ಅಂಕಿಯ ವಿಷಯ ಅವನಿಗೆ ಬಹಳ ಹಿಡಿಸಿತು. ಆಮೇಲೆ ಅಂದ: “ಹಲ್ಲ ಎಣಿಸಿದಿ. ಸುಳಿ ನೋಡಿದಿ. ಎಲ್ಲಾ ಖರೆ. ಮಕ್ಕೊಂಡ ಎತ್ತು ಹೆಂಗ ಏಳತೈತಿ ಅನ್ನೂದ ನೋಡಿಯೇನು ತಮ್ಮಾ?”

ಕಾರು ಏಳಲ್ಲ ಅಪ್ಪಾ ಅಂದೆ. ಹೇಳಿ ಮುಗಿಸುವ ಮೊದಲೇ ನನಗೆ ಹೊಳೀತು. ಇದು ಏಳುವ ಕಾರು.

“ನಸುಕಿನ್ಯಾಗ ಹೋಗು. ಹೊತ್ತೇರಿದ ಮ್ಯಾಲೆ ಎಲ್ಲಾ ಎತ್ತೂ ನೆಟ್ಟಗ ನಿಂತಿರತಾವ.”

ಮರುದಿನ ಬೆಳಿಗ್ಗೆ ಆರೂವರೆಗೆ ಬಾಣೇರ್‌ಗೆ ಹೋದೆ. ತುಂತುರು ಮಳೆ. ಅಂಗಡಿಯ ಷಟರ್ ಹಾಕಿತ್ತು, ಗಾಡಿಗಳು ಹೊರಗೆ ಶೆಡ್ಡಿನ ಕೆಳಗೆ. ದೂರದಿಂದ ನೋಡಿದಾಗ ಏನೂ ಕಾಣಲಿಲ್ಲ. ಹತ್ತಿರ ಹೋದರೆ ಗಾಡಿ ಬಲಗಡೆಗೆ ಸ್ವಲ್ಪ ವಾಲಿದ ಹಾಗಿತ್ತು. ಕೂತು, ಟೈರಿಗೂ ಮೇಲಿನ ಕಮಾನಿಗೂ ನಡುವೆ ಬೆರಳು ಇಟ್ಟು ನೋಡಿದೆ. ಎಡಗಡೆ ಮುಂದಿನ ಚಕ್ರದ ಮೇಲೆ ನಾಲ್ಕು ಬೆರಳು ಹಿಡಿಯಿತು. ಬಲಗಡೆ ಒಂದೇ ಬೆರಳು, ಅದೂ ಬಿಗಿಯಾಗಿ. ಇನ್ನೊಮ್ಮೆ ನೋಡಿದೆ. ಅಷ್ಟೇ.

ವಾಚ್‌ಮನ್ ಬಂದ. ನಾನು ಅರೆಬರೆ ಮರಾಠಿಯಲ್ಲಿ ಶುರು ಮಾಡಿದೆ. ಅವನು ಮುಖ ನೋಡಿ ಕನ್ನಡದಲ್ಲೇ ಮಾತಾಡಿದ. ಇಂಡಿ ತಾಲ್ಲೂಕಿನವನು. ಪುಣೆಯಲ್ಲಿ ಇದು ದಿನಾ ಆಗುವ ಸಂಗತಿ, ಆದರೂ ಪ್ರತಿ ಸಲ ಖುಷಿ ಆಗುತ್ತೆ. ಗಾಡಿ ಯಾಕೆ ಹೀಗಿದೆ ಅಂದೆ. “ದಿನಾ ಹಿಂಗೇ ಇರ್ತದ್ರಿ. ಮುಂಜಾನಿ ಹುಡುಗ ಬಂದು ಚಾಲೂ ಮಾಡ್ತಾನ. ಹತ್ತು ಮಿನಿಟಿಗೆ ಎದ್ದು ನಿಂದರ್ತದ. ಆಮ್ಯಾಲೆ ಗಿರಾಕಿ ಬರ್ತಾರ.”

ಮಿಸ್ತ್ರಿಗೆ ಮತ್ತೆ ಫೋನ್. ಅವನಿಗೆ ನೋಡುವ ಅಗತ್ಯವೇ ಬೀಳಲಿಲ್ಲ. ಬಲಗಡೆಯ ಚೀಲ ಎಲ್ಲೋ ಸೂಕ್ಷ್ಮವಾಗಿ ಸೀಳಿದೆ, ರಾತ್ರಿ ಗಾಳಿ ಇಳಿಯುತ್ತೆ. ಅದನ್ನ ತುಂಬಿ ತುಂಬಿ ಕಂಪ್ರೆಸರ್ ಸುಸ್ತಾಗಿರುತ್ತೆ. ಒಂದು ಬದಿ ಬದಲಿಸಿದರೆ ಇನ್ನೊಂದು ಬದಿ ಆರು ತಿಂಗಳಲ್ಲಿ ಹೋಗುತ್ತೆ. ಎರಡೂ ಬದಿ, ಕಂಪ್ರೆಸರ್ ಸೇರಿ ಮೂರೂವರೆ ಲಕ್ಷದ ಲೆಕ್ಕ ಕೊಟ್ಟ.

ನಾಚಿಕೆ ಆಗಿದ್ದು ಆಗ. ನಾನು ಅನ್ನ ತಿನ್ನೋದೇ ರಬ್ಬರ್‌ನಿಂದ. ನಮ್ಮ ಕಾರ್ಖಾನೆಯಲ್ಲಿ ಸೀಲ್‌ನ ಪೊಟ್ಟಣದ ಮೇಲೆ ಅದು ಯಾವಾಗ ಅಚ್ಚಿನಲ್ಲಿ ಬೆಂದದ್ದು ಅಂತ ಬರೆದಿರ್ತೀವಿ. ಯಾಕೆಂದರೆ ರಬ್ಬರ್ ಬಳಸದೆ ಇಟ್ಟರೂ ಮುದಿಯಾಗುತ್ತೆ. ಬಿಸಿಲು, ಕಾವು, ಗಾಳಿಯಲ್ಲಿನ ಓಝೋನ್ ಅದನ್ನ ತಿನ್ನುತ್ತವೆ. ಮೊದಲು ಸೀಳುವುದು ಮಡಿಕೆ ಬಿದ್ದು ಎಳೆದುಕೊಂಡಿರುವ ಜಾಗ. ಏರ್ ಸಸ್ಪೆನ್ಷನ್ ಚೀಲ ಅಂದರೆ ಹಗಲು ರಾತ್ರಿ ಮಡಿಕೆ ಬಿದ್ದೇ ಇರುವ ರಬ್ಬರ್. ರಬ್ಬರ್‌ಗೆ ವಯಸ್ಸಾಗೋದು ವರ್ಷದಿಂದ, ಬರೀ ಕಿಲೋಮೀಟರ್‌ನಿಂದ ಅಲ್ಲ. ಕೆಲಸಕ್ಕೆ ಬಂದ ಹುಡುಗರಿಗೆ ಇದನ್ನ ಮೊದಲನೇ ವಾರದಲ್ಲೇ ಹೇಳುವವನು ನಾನೇ. ಅಂಥವನು 41,000 ಅಂತ ಓದಿ ಹಿಗ್ಗಿದ್ದೆ.

ಇಲ್ಲೊಂದು ಮಾತು. ಲೆಕ್ಕ ಹಾಕಿದರೆ ಆಗಲೂ ಜರ್ಮನ್ ಗಾಡಿಯೇ ಅಗ್ಗ. 31ಕ್ಕೆ ಮೂರೂವರೆ ಸೇರಿಸಿದರೂ ಫಾರ್ಚೂನರ್‌ಗಿಂತ ಲಕ್ಷಾಂತರ ಕಡಿಮೆ. ಡೀಲರ್ ಅದನ್ನೇ ಹೇಳಿದ, ಬೆಲೆಯನ್ನೂ ಇಳಿಸಿದ. ಅವನು ಹೇಳಿದ್ದು ತಪ್ಪಲ್ಲ. ನನ್ನ ಗೆಳೆಯನೊಬ್ಬ ಕೋಥ್ರೂಡ್‌ನಲ್ಲಿ ಇಂಥದ್ದೇ ಒಂದನ್ನ ಐದು ವರ್ಷದಿಂದ ಇಟ್ಟುಕೊಂಡು ಸುಖವಾಗಿದ್ದಾನೆ. ಅವನ ಹತ್ತಿರ ಇನ್ನೊಂದು ಕಾರಿದೆ, ನಂಬಿಕೆಯ ಮಿಸ್ತ್ರಿ ಇದ್ದಾನೆ, ಅವನ ಗಾಡಿ ಲೋಣಾವಳಾ ದಾಟಿ ಹೋಗೋದೇ ಅಪರೂಪ. ಅವನಿಗೆ ಅದು ಸರಿ. ನಾನು ಅವನಾಗಿದ್ದರೆ ನಾನೂ ಅದನ್ನೇ ತಗೊಳ್ತಿದ್ದೆ, ಎರಡು ಮಾತಿಲ್ಲ.

ನನಗೆ ನಿದ್ದೆ ಬರದ ಹಾಗೆ ಮಾಡಿದ್ದು ಮೂರೂವರೆ ಲಕ್ಷ ಅಲ್ಲ. ಆ ಗಾಡಿಯೊಳಗಿನ ಅಷ್ಟೂ ರಬ್ಬರ್ ಒಂದೇ ಕಾಲಕ್ಕೆ ಹುಟ್ಟಿದ್ದು. ಕೂಲೆಂಟ್ ಪೈಪು, ಇಂಜಿನ್ ಮೌಂಟಿಂಗು, ಬುಶ್‌ಗಳು, ಸೀಲ್‌ಗಳು, ಎಲ್ಲವೂ ಏಳು ವರ್ಷದವು. ಚೀಲ ಕೈ ಎತ್ತಿತು, ಉಳಿದವು ಸಾಲಿನಲ್ಲಿವೆ. ಯಾವುದು ಯಾವಾಗ ಅಂತ ಗೊತ್ತಿಲ್ಲ. ಅದು ಪುಣೆಯಲ್ಲಾದರೆ ಖರ್ಚು. ರಾತ್ರಿ ಒಂಬತ್ತಕ್ಕೆ ಸಂಕೇಶ್ವರದ ಹತ್ತಿರ, ಮಳೆಯಲ್ಲಿ, ಅವ್ವ ಹಿಂದೆ ಕೂತಿರುವಾಗ ಆದರೆ ಅದಕ್ಕೆ ಬೇರೆ ಹೆಸರು. ನವಲಗುಂದದಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವವರಿದ್ದಾರೆ. ಕಂಪ್ಯೂಟರ್ ಹಚ್ಚದೆ ಬಾನೆಟ್‌ನಲ್ಲಿ ಏನೂ ಮಾಡೋಕಾಗದ ಗಾಡಿಗೆ ಅವರು ಕೈ ಹಚ್ಚಲ್ಲ.

ಹಾಗಂತ ಫಾರ್ಚೂನರ್ ನನಗೆ ಇಷ್ಟವಾಯಿತು ಅಂತಲ್ಲ. ಟೆಸ್ಟ್ ಡ್ರೈವ್‌ಗೆ ಅಪ್ಪ ಅವ್ವ ಇಬ್ಬರನ್ನೂ ಕೂರಿಸಿಕೊಂಡು ಹೋದೆ. ಅದರ ಕಟ್ಟು ನಮ್ಮ ಚಕ್ಕಡಿಯ ಹಾಗೆ. ಕೆಳಗೆ ಎರಡು ಉದ್ದನೆಯ ಉಕ್ಕಿನ ತೊಲೆ, ಅದರ ಮೇಲೆ ಪೆಟ್ಟಿಗೆ. ಹಿಂದಿನ ಎರಡು ಚಕ್ರಕ್ಕೆ ಸೇರಿ ಒಂದೇ ಅಚ್ಚು. ಹೀಗಾಗಿ ಎಡಚಕ್ರ ಗುಂಡಿಗೆ ಬಿದ್ದರೆ ಬಲಗಡೆ ಕೂತವರಿಗೂ ಸುದ್ದಿ ಮುಟ್ಟುತ್ತೆ. ಬಾಣೇರ್‌ನ ಸ್ಪೀಡ್ ಬ್ರೇಕರ್ ಮೇಲೆ ಹೋದಾಗ ಅಪ್ಪನೇ, “ಟ್ರೇಲರ್‌ನ್ಯಾಗ ಕುಂತಂಗ ಐತಲ್ಲೋ,” ಅಂದ. ಅಂದ ಧಾಟಿ ಮೆಚ್ಚಿಕೆಯದು. ಡೀಸೆಲ್ ಇಂಜಿನ್ 2.8 ಲೀಟರ್, ಬೆಳಿಗ್ಗೆ ಚಾಲೂ ಮಾಡಿದರೆ ಮೂರನೇ ಮಹಡಿಗೆ ಕೇಳಿಸುತ್ತೆ. ಜರ್ಮನ್ ಗಾಡಿಯ ಒಳಗಿನ ಆ ಸದ್ದಿಲ್ಲದಿರುವಿಕೆ ಇದರಲ್ಲಿ ಇಲ್ಲ. ಇಲ್ಲ ಅಂದರೆ ಇಲ್ಲ. ಅವ್ವನಿಗೆ ಹತ್ತೋಕೇ ಆಗಲಿಲ್ಲ. ಪಕ್ಕದ ಮೆಟ್ಟಿಲಿಗೆ ಕಾಲು ಇಡೋಕೇ ಅವಳ ಮೊಣಕಾಲು ಅಷ್ಟು ಮಡಚಲ್ಲ. ಸೇಲ್ಸ್ ಹುಡುಗ ಸ್ಟೂಲ್ ತಂದ.

ಒಂದು ಖುಷಿ ಮಾತ್ರ ಇತ್ತು. ಈ ಗಾಡಿ ತಯಾರಾಗುವುದು ನಮ್ಮ ಬಿಡದಿಯಲ್ಲಿ. ಅಪ್ಪನಿಗೆ ಇದನ್ನ ಹೇಳಿದ್ದೇ ತಪ್ಪಾಯಿತು. “ನಮ್ಮ ಕಡೀದು” ಅಂತ ಆ ತಿಂಗಳು ಪೂರ್ತಿ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ. ನವಲಗುಂದದಿಂದ ಬಿಡದಿ ಪುಣೆಯಷ್ಟೇ ದೂರ ಅಂತ ನಾನು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಸರಕಾರವೇ ಒಂದು ಕೈ ಆಡಿಸಿತು. ಸೆಪ್ಟೆಂಬರ್ ಮೊದಲ ವಾರ ಜಿಎಸ್‌ಟಿ ಮಂಡಳಿ ಕೂತು, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗೆ ಒಟ್ಟು 40 ಪರ್ಸೆಂಟ್, ಸೆಸ್ ಇಲ್ಲ ಅಂತು. 50 ಹೋಗಿ 40. ಹತ್ತು ಪರ್ಸೆಂಟ್ ಇಳಿಯಿತು ಅಂತ ನಾನು ಕುಣಿದೆ. ಇಂಜಿನಿಯರಿಂಗ್ ಓದುತ್ತಿರುವ ಮಗಳು ನಿಲ್ಲಿಸಿದಳು. ನೂರರ ಮೇಲೆ 50 ಅಂದರೆ 150, ಈಗ 140. ಬೆಲೆ ಇಳಿದದ್ದು ಏಳು ಪರ್ಸೆಂಟ್‌ಗೂ ಕಡಿಮೆ. ಆದರೂ ಎರಡೂವರೆ ಲಕ್ಷದ ಮಾತು. ಹೊಸ ಗಾಡಿ ಇಳಿದ ಮೇಲೆ ಹಳೇದು ಇಳಿಯದೆ ಇರುತ್ತಾ? ಬಾಣೇರ್‌ನವನು ಫೋನ್ ಮಾಡಿ 28ಕ್ಕೆ ಕೊಡ್ತೀನಿ ಅಂದ. ಆ ರಾತ್ರಿ ಮತ್ತೆ ತಡಬಡಿಸಿದೆ. ಕೊನೆಗೆ ಹೆಂಡತಿ, “ನೋಡ್ರಿ, ಆ ಗಾಡಿ ತಂದ್ರ ನೀವು ದಿನಾ ನಸುಕಿನ್ಯಾಗ ಎದ್ದು ಪಾರ್ಕಿಂಗಿಗೆ ಬೆರಳ ಹಿಡಕೊಂಡು ಹೋಗ್ತೀರಿ. ಅಷ್ಟ ನನಗ ಗೊತ್ತು,” ಅಂದಳು. ನಿಜ. ಹೋಗ್ತಿದ್ದೆ.

ದೀಪಾವಳಿಗೆ ಮೂರು ದಿನ ಮುಂಚೆ ಫಾರ್ಚೂನರ್ ಬಂತು. ಟೂ ವೀಲ್ ಡ್ರೈವ್. ಫೋರ್ ವೀಲ್ ತಗೋಬೇಕಿತ್ತು, ನಮ್ಮ ಎರೆ ಮಣ್ಣಿನಲ್ಲಿ ಮಳೆ ಬಿದ್ದರೆ ಚಕ್ರಕ್ಕೆ ಮಣ್ಣು ಮೆತ್ತಿ ಗಾಡಿ ನಿಂತೇ ಬಿಡುತ್ತೆ ಅಂದರೆ ಅಪ್ಪ, “ಸಿಗಿಬಿದ್ರ ಎಳ್ಯಾಕ ಟ್ರ್ಯಾಕ್ಟರ್ ಐತಲ್ಲ,” ಅಂದ. ಬಿಳಿ ಬಣ್ಣ ಬೇಡ ಅಂತ ನಾನು ಹಟ ಹಿಡಿದಿದ್ದೆ. ಬೇಗ ಸಿಕ್ಕಿದ್ದು ಬಿಳಿಯೇ. ನಮ್ಮ ಕಡೆ ಬಿಳಿ ಫಾರ್ಚೂನರ್ ಅಂದರೆ ಏನು ಅಂತ ನಿಮಗೆ ಗೊತ್ತು. ಊರ ಅಗಸಿಯಲ್ಲಿ ಗಾಡಿ ಕಂಡ ಕೂಡಲೇ ಕಟ್ಟೆ ಮೇಲೆ ಕೂತಿದ್ದ ನಾಲ್ಕು ಜನ ಎದ್ದು ನಿಂತರು. ಗ್ಲಾಸ್ ಇಳಿಸಿದಾಗ ನನ್ನ ಮುಖ ನೋಡಿ ಮತ್ತೆ ಕೂತರು. ಕಾಕಾ ಒಬ್ಬರು, “ಏನಪಾ, ಜಿಲ್ಲಾ ಪಂಚಾಯ್ತಿಗೆ ನಿಲ್ಲಾಂವ ಏನು?” ಅಂದರು. ಜರ್ಮನ್ ಗಾಡಿ ತಂದಿದ್ದರೆ ಈ ಕಾಟ ಇರ್ತಿರಲಿಲ್ಲ. ಅದು ಯಾವ ಗಾಡಿ ಅಂತ ಅಲ್ಲಿ ಯಾರಿಗೂ ತಿಳೀತಿರಲಿಲ್ಲ.

ಅವ್ವನ ಸಮಸ್ಯೆಯನ್ನ ಅಪ್ಪ ಹಬ್ಬದ ಮರುದಿನ ಬಗೆಹರಿಸಿದ. ಹಿತ್ತಲಲ್ಲಿ ಹಳೇ ಚಕ್ಕಡಿಯ ಹಲಗೆ ಬಿದ್ದಿತ್ತು. ಅದನ್ನ ಕೊಯ್ದು ಒಂದು ಎತ್ತರದ ಮಣೆ ಮಾಡಿದ. ಪುಣೆಗೆ ಬಂದ ಮೇಲೆ ನಾನು ಕಾರ್ಖಾನೆಯಿಂದ ಎರಡು ಪಟ್ಟಿ ಕರಿ ರಬ್ಬರ್ ತಂದು, ಜಾರದ ಹಾಗೆ ಕಾಲಿನ ಕೆಳಗೆ ಅಂಟಿಸಿದೆ. ಹೊಸ ರಬ್ಬರ್, ಅಕ್ಟೋಬರ್‌ನದು. ಈಗ ಬಾಗಿಲು ತೆಗೆದ ಕೂಡಲೇ ಮೊದಲು ಮಣೆ ಇಳಿಯುತ್ತೆ, ಆಮೇಲೆ ಅವ್ವ.

ಹೋದ ಸಲ ಊರಿಗೆ ಹೋಗುವಾಗ ನಿಪ್ಪಾಣಿ ಹತ್ತಿರ ಚಹಾಕ್ಕೆ ನಿಲ್ಲಿಸಿದ್ವಿ. ಹೊರಟು, ಸಂಕೇಶ್ವರ ದಾಟಿ, ಅವ್ವ ಕಾಲು ಚಾಚಬೇಕು ಅಂದಳು ಅಂತ ಬದಿಗೆ ಹಾಕಿದೆ. ಅವಳು ಬಾಗಿಲು ತೆಗೆದು ಕಾಲು ಕೆಳಗೆ ಬಿಟ್ಟಳು. ಅಲ್ಲಿ ಏನೂ ಇರಲಿಲ್ಲ. ಮಣೆ ಹೋಟೆಲ್ ಮುಂದೆಯೇ ಉಳಿದಿತ್ತು. ಇಳಿಯೋಕೂ ಆಗದೆ, ಕೂರೋಕೂ ಆಗದೆ ಅವ್ವ ನನ್ನನ್ನ ನೋಡಿದಳು. ಗಾಡಿ ತಿರುಗಿಸಿದೆ.

ಹೋಟೆಲಿನ ಹುಡುಗ ಮಣೆ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಪಕ್ಕದಲ್ಲೇ ಗಾಡಿ ನಿಂತರೂ ತಲೆ ಎತ್ತಲಿಲ್ಲ. ನಾನು ಇಳಿದು ಕೇಳಿದ ಮೇಲೆ ಎದ್ದು, ಮಣೆಯನ್ನ ತಿರುಗಿಸಿ ಮುರುಗಿಸಿ ನೋಡಿ, ಒಲ್ಲದ ಮನಸ್ಸಿನಿಂದ ಕೊಟ್ಟ.

“ಛಲೋ ಐತ್ರಿ ಮಣಿ. ಎಲ್ಲಿ ತೊಗೊಂಡ್ರಿ?”

ಅಪ್ಪ ಗ್ಲಾಸ್ ಇಳಿಸಿ, ಅದು ಯಾವ ಚಕ್ಕಡಿಯ ಹಲಗೆ, ಆ ಚಕ್ಕಡಿಗೆ ಯಾವ ಜೋಡಿ ಎತ್ತು ಹೂಡುತ್ತಿದ್ದ ಅಂತ ಮೊದಲಿಂದ ಶುರು ಮಾಡಿದ. ನಾನು ಇನ್ನೊಂದು ಚಹಾ ಹೇಳಿದೆ.